ಕಾರ್ಡನ್ನು ಮಗುಚಿ ಓದಿ: ಹಳೆಯ ಸ್ಮರಣಿಕೆಗಳು, ದಾರಿಬದಿಯ ನೋಟಗಳು

ಹಳೆಯ ಚಿತ್ರ ಪೋಸ್ಟ್‌ಕಾರ್ಡುಗಳು, ಪ್ರವಾಸದ ನೆನಪಿಗೆಂದು ಕೊಂಡ ಸಾಮಾನುಗಳು ಮತ್ತು ಹೆದ್ದಾರಿಗಳ ಪಕ್ಕದ ವಿಚಿತ್ರ ಕಟ್ಟಡಗಳ ಮೂಲಕ ಒಂದು ಪ್ರದೇಶದ ಗತಕಾಲವನ್ನು ತಿಳಿಯುವುದು ಹೇಗೆ ಎಂಬ ಬಗ್ಗೆ ಓದುಗರು ಬರೆದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಹೆಚ್ಚಿನ ಪ್ರಶ್ನೆಗಳು ಅಮೆರಿಕದ ರಸ್ತೆಗಳನ್ನು ಕುರಿತವು. ಇಂಥ ನೋಟಗಳು ಹುಲುಸಾಗಿ ಬೆಳೆದದ್ದು ಅಲ್ಲಿಯೇ ಆದ್ದರಿಂದ ಉತ್ತರಗಳೂ ಅತ್ತಲೇ ವಾಲಿವೆ.

ಪ್ರಶ್ನೆ: ನನ್ನ ಸೋದರಮಾವ ಓದಿಗೆಂದು ಅಮೆರಿಕಕ್ಕೆ ಹೋಗಿದ್ದಾಗ ಮನೆಗೆ ಬರೆದ, ಹಾಗೂ ಏನನ್ನೂ ಬರೆಯದೆ ಹಾಗೆಯೇ ತಂದಿಟ್ಟಿದ್ದ ಸುಮಾರು ಅರವತ್ತು ಚಿತ್ರ ಪೋಸ್ಟ್‌ಕಾರ್ಡುಗಳು ಈಗ ನನ್ನ ಕೈ ಸೇರಿವೆ. ಬಹುಪಾಲು ಫ್ಲಾರಿಡಾ ರಾಜ್ಯದವು. ಅನೇಕ ಕಾರ್ಡುಗಳ ಮೇಲೆ ಇಸವಿಯೇ ಇಲ್ಲ. ಇವುಗಳ ಕಾಲವನ್ನು ಗುರುತಿಸುವುದು ಹೇಗೆ? ಇವುಗಳಿಂದ ಆ ಪ್ರದೇಶದ ಚರಿತ್ರೆ ತಿಳಿಯುವುದುಂಟೇ, ಅಥವಾ ಇವು ಬರಿಯ ಬಣ್ಣದ ಚಿತ್ರಗಳೇ?

ಉತ್ತರ: ತಿಳಿಯುವುದುಂಟು. ಆದರೆ ಮೊದಲು ಅರವತ್ತೂ ಕಾರ್ಡುಗಳನ್ನು ಮೇಜಿನ ಮೇಲೆ ಬೋರಲು ಹಾಕಿಕೊಳ್ಳಿ. ಚಿತ್ರದ ಬದಿಯನ್ನು ಮಾರುವವನು ಬಹಳ ಯೋಚಿಸಿ ಸಿದ್ಧಪಡಿಸಿರುತ್ತಾನೆ. ಹಿಂಬದಿಯಲ್ಲಿರುವ ವಿಳಾಸ, ಅಚ್ಚು ಹಾಕಿದವರ ಸಂಖ್ಯೆ, ಅಂಚೆ ಇಲಾಖೆಯ ನಿಯಮಕ್ಕಾಗಿ ಎಳೆದ ಗೆರೆ ಇವುಗಳಿಂದ ಯಾರನ್ನೂ ಮರುಳು ಮಾಡುವ ಉದ್ದೇಶ ಇರುವುದಿಲ್ಲವಾದ್ದರಿಂದ ಅವು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತವೆ.

ಮೊದಲು ನೋಡಬೇಕಾದದ್ದು ನಡುವಿನ ಉದ್ದಗೆರೆಯನ್ನು. ಅಮೆರಿಕದಲ್ಲಿ 1907ರ ಮಾರ್ಚ್ 1ಕ್ಕಿಂತ ಹಿಂದೆ ಆ ಬದಿಯಲ್ಲಿ ವಿಳಾಸವನ್ನಲ್ಲದೆ ಬೇರೇನನ್ನೂ ಬರೆಯುವಂತಿರಲಿಲ್ಲ. ಹೇಳಬೇಕಾದ ಕುಶಲವನ್ನೆಲ್ಲ ಚಿತ್ರದ ಅಂಚಿನಲ್ಲೋ, ಚಿತ್ರದೊಳಗಿನ ಖಾಲಿ ಆಕಾಶದಲ್ಲೋ ತುರುಕಬೇಕಾಗಿತ್ತು. ಬ್ರಿಟನ್ನಿನಲ್ಲಿ ಈ ಅನುಮತಿ 1902ರಲ್ಲಿಯೇ ದೊರೆತಿತ್ತು. ಗೆರೆಯಿಲ್ಲದ ಕಾರ್ಡೊಂದು ನಿಮ್ಮ ಕಟ್ಟಿನಲ್ಲಿದ್ದರೆ ಅದನ್ನು ನಿಮ್ಮ ಸೋದರಮಾವ ಹಳೆಯ ವಸ್ತುವೆಂದೇ ಕೊಂಡಿರಬೇಕು.

ಆಮೇಲೆ ಅಚ್ಚಾದ ವಿಳಾಸವನ್ನು ನೋಡಿ. 1943ರಿಂದ ಅಲ್ಲಿನ ದೊಡ್ಡ ನಗರಗಳಿಗೆ ಅಂಚೆ ವಲಯದ ಸಂಖ್ಯೆ ಬಂದಿತು. ‘ಷಿಕಾಗೊ 8, ಇಲಿನಾಯ್’ ಎಂಬಂತೆ ಊರಿನ ಹೆಸರಿನ ಮುಂದೆ ಒಂದೋ ಎರಡೋ ಅಂಕಿಗಳು ಇರುತ್ತಿದ್ದವು. 1963ರ ಜುಲೈ 1ರಂದು ಐದಂಕಿಯ ಜಿಪ್ ಕೋಡ್ ಜಾರಿಗೆ ಬಂದಿತು. ರಾಜ್ಯಗಳ ಹೆಸರನ್ನು ಎರಡೇ ಅಕ್ಷರಗಳಲ್ಲಿ ಬರೆಯುವ ಕ್ರಮವೂ ಅದೇ ವರ್ಷದ್ದು. ಆದ್ದರಿಂದ ಒಂದು ಮೋಟೆಲಿನ (ಕಾರಿನಲ್ಲಿ ಬರುವವರು ತಂಗುವ ದಾರಿಬದಿಯ ವಸತಿಗೃಹದ) ಕಾರ್ಡಿನಲ್ಲಿ ವಲಯ ಸಂಖ್ಯೆ ಇದ್ದು ಜಿಪ್ ಕೋಡ್ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಆ ಇಪ್ಪತ್ತು ವರ್ಷಗಳ ನಡುವಿನದು. ಚಿತ್ರದಲ್ಲಿ ರಾಷ್ಟ್ರಧ್ವಜ ಸ್ಪಷ್ಟವಾಗಿ ಕಾಣುತ್ತಿದ್ದರೆ ಭೂತಗನ್ನಡಿ ಹಿಡಿದು ನಕ್ಷತ್ರಗಳನ್ನು ಎಣಿಸುವುದೂ ಉಪಯುಕ್ತ: 1912ರಿಂದ 1959ರವರೆಗೆ ನಲವತ್ತೆಂಟು, 1959ರ ಜುಲೈ 4ರಿಂದ ಒಂದೇ ವರ್ಷದ ಮಟ್ಟಿಗೆ ನಲವತ್ತೊಂಬತ್ತು, ಅಲ್ಲಿಂದಾಚೆ ಐವತ್ತು. ದೇಶದೊಳಗೇ ಕಳುಹಿಸಿದ ಕಾರ್ಡಾದರೆ ಅಂಚೆಚೀಟಿಯ ಬೆಲೆಯೂ ಸಾಕ್ಷಿ ನುಡಿಯುತ್ತದೆ. 1951ರ ಕೊನೆಯವರೆಗೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಕಾರ್ಡಿನ ದರ ಒಂದೇ ಸೆಂಟ್ ಇತ್ತು; 1952ರಲ್ಲಿ ಎರಡಾಯಿತು, 1958ರಲ್ಲಿ ಮೂರಾಯಿತು. ಸಾಗರ ದಾಟಿ ನಿಮ್ಮ ಮನೆಗೆ ಬಂದ ಕಾರ್ಡುಗಳಿಗೆ ಮಾತ್ರ ಈ ಲೆಕ್ಕ ಒಪ್ಪುವುದಿಲ್ಲ.

ನಿಮ್ಮ ಕಾರ್ಡುಗಳಲ್ಲಿ ಕೆಲವು ಬಟ್ಟೆಯ ನೇಯ್ಗೆಯಂತೆ ಬೆರಳಿಗೆ ತರಿತರಿಯಾಗಿ ಸಿಗುತ್ತಿದ್ದರೆ ಅವು ‘ಲಿನನ್’ ಕಾರ್ಡುಗಳು. ಹೆಸರು ಹಾಗಿದ್ದರೂ ಅವು ಬಟ್ಟೆಯವಲ್ಲ, ಕಾಗದದವು. 1930ರ ದಶಕದಿಂದ 1940ರ ದಶಕದ ಕೊನೆಯವರೆಗೆ ಬಹಳ ಪ್ರಚಾರದಲ್ಲಿದ್ದವು. ಷಿಕಾಗೊದ ಕರ್ಟ್ ಟೈಕ್ ಸಂಸ್ಥೆ ಇವುಗಳ ಬಹುದೊಡ್ಡ ತಯಾರಕ. 1898ರಲ್ಲಿ ಆರಂಭವಾಗಿ 1978ರವರೆಗೆ ನಡೆದ ಈ ಸಂಸ್ಥೆ ತನ್ನ ಕಾರ್ಡುಗಳಿಗೆ ಕೊಡುತ್ತಿದ್ದ ಸಂಖ್ಯೆಯಲ್ಲಿಯೇ ಇಸವಿ ಅಡಗಿದೆ: ಮೊದಲ ಅಂಕಿ ವರ್ಷವನ್ನೂ ಅದರ ಪಕ್ಕದ ಇಂಗ್ಲಿಷ್ ಅಕ್ಷರ ದಶಕವನ್ನೂ ಸೂಚಿಸುತ್ತವೆ. ‘ಎ’ ಎಂದರೆ 1930ರ ದಶಕ, ‘ಬಿ’ ಎಂದರೆ 1940ರದು, ‘ಸಿ’ ಎಂದರೆ 1950ರದು. ‘5ಎ’ ಎಂದು ಆರಂಭವಾಗುವ ಸಂಖ್ಯೆ ಇದ್ದರೆ ಅದು 1935ರ ಕಾರ್ಡು. ಈ ಸಂಸ್ಥೆಯ ಕಡತಗಳು ಈಗ ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿವೆ.

ಒಂದು ಎಚ್ಚರಿಕೆ ಅಗತ್ಯ. ಅಂಚೆಯ ಠಸ್ಸೆ ಹೇಳುವುದು ಕಾರ್ಡನ್ನು ಡಬ್ಬಕ್ಕೆ ಹಾಕಿದ ದಿನವನ್ನೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಅಂಗಡಿಯ ಸ್ಟ್ಯಾಂಡಿನಲ್ಲಿ ಒಂದು ಕಾರ್ಡು ಹತ್ತು ವರ್ಷ ಕುಳಿತಿರುವುದು ಅಪರೂಪವೇನಲ್ಲ. ಹಳೆಯ ಚಿತ್ರಕ್ಕೆ ಹೊಸ ಮಾದರಿಯ ಕಾರನ್ನು ತೇಪೆ ಹಾಕಿ ಮತ್ತೆ ಅಚ್ಚು ಮಾಡುವುದೂ ಇತ್ತು. ಲಿನನ್ ಕಾರ್ಡುಗಳಿಗೆ ಮೂಲ ಸಾಮಾನ್ಯವಾಗಿ ಕಪ್ಪುಬಿಳುಪು ಛಾಯಾಚಿತ್ರವೇ. ಗಿರಾಕಿ ಬರೆದುಕೊಟ್ಟ ಸೂಚನೆಯನ್ನು ನೋಡಿಕೊಂಡು ಷಿಕಾಗೊದಲ್ಲಿ ಕುಳಿತ ಕಲಾವಿದರು ಆಕಾಶಕ್ಕೆ ನೀಲಿಯನ್ನೂ ಹುಲ್ಲಿಗೆ ಹಸಿರನ್ನೂ ಬಳಿಯುತ್ತಿದ್ದರು, ತಂತಿಕಂಬಗಳನ್ನು ಅಳಿಸುತ್ತಿದ್ದರು, ಬೇಡವಾದ ಪಕ್ಕದ ಕಟ್ಟಡವನ್ನು ಮರೆಮಾಡುತ್ತಿದ್ದರು. ಆದ್ದರಿಂದ ಅಂಥ ಕಾರ್ಡನ್ನು ಕೈಯಲ್ಲಿ ಹಿಡಿದು ‘1938ರಲ್ಲಿ ಈ ಬೀದಿ ಹೀಗಿತ್ತು’ ಎನ್ನುವಂತಿಲ್ಲ. ‘ಈ ಬೀದಿ ಹೀಗೆ ಕಾಣಬೇಕೆಂದು 1938ರಲ್ಲಿ ಯಾರೋ ಬಯಸಿದ್ದರು’ ಎಂದರೆ ಮಾತು ಸರಿಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯ ಸಂಗತಿಯೇ ಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಬೀದಿ ಹೇಗಿತ್ತು ಎಂಬುದು ಬೇರೆ ದಾಖಲೆಗಳಲ್ಲಿಯೂ ಸಿಕ್ಕೀತು, ಬಯಕೆ ಇಲ್ಲಿ ಮಾತ್ರ ಸಿಗುತ್ತದೆ.

ನಿಮ್ಮ ಸೋದರಮಾವ ತಮ್ಮ ಕೈಯಿಂದ ಬರೆದ ಸಾಲುಗಳಿರುವ ಕಾರ್ಡುಗಳನ್ನು ಪ್ರತ್ಯೇಕವಾಗಿಡಿ. ಊಟ ಸಪ್ಪೆ ಎಂದೋ, ಬಸ್ಸು ತಡವಾಯಿತು ಎಂದೋ, ರಾತ್ರಿ ಕೊಠಡಿ ಸಿಗಲಿಲ್ಲ ಎಂದೋ ಅವರು ಬರೆದಿದ್ದರೆ ಆ ಒಂದು ಸಾಲಿನ ಮುಂದೆ ಉಳಿದ ಐವತ್ತು ಚಿತ್ರಗಳು ಮಂಕು.

ಪ್ರಶ್ನೆ: ಇಂಥ ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಿದರೆ ಬಾಳಿಕೆ ಬರುವುದಿಲ್ಲವೇ? ಅಂಚೆಚೀಟಿಗಳನ್ನು ಬಿಡಿಸಿ ಬೇರೆ ಆಲ್ಬಮ್ಮಿಗೆ ಅಂಟಿಸಬಹುದೇ?

ಉತ್ತರ: ಎರಡೂ ಬೇಡ. ಲ್ಯಾಮಿನೇಷನ್ ಬಿಸಿ ಮತ್ತು ಅಂಟಿನಿಂದ ಆಗುವಂಥದು, ಮರಳಿ ಬಿಡಿಸಲಾಗದು. ಚೀಟಿಯನ್ನು ಕಿತ್ತರೆ ಅದರ ಮೇಲೆ ಅರ್ಧ, ಕಾರ್ಡಿನ ಮೇಲೆ ಅರ್ಧ ಬಿದ್ದ ಠಸ್ಸೆ ಹರಿದು ಎರಡೂ ಸಾಕ್ಷಿಗಳು ಕೆಡುತ್ತವೆ. ಪಿವಿಸಿ ಹಾಳೆಯ ಆಲ್ಬಮ್ಮುಗಳನ್ನು ಬಿಟ್ಟು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆಗಳನ್ನು ಬಳಸಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ, ಏನಾದರೂ ಗುರುತು ಹಾಕಲೇಬೇಕಾದರೆ ಮೃದುವಾದ ಪೆನ್ಸಿಲಿನಲ್ಲಿ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟು ನಿಮಗೆ ಯಾವ ಅನುಕ್ರಮದಲ್ಲಿ ಸಿಕ್ಕಿತೋ ಅದನ್ನು ಕಲಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆ ಅನುಕ್ರಮವೇ ಪ್ರಯಾಣದ ದಾರಿಯಾಗಿರಬಹುದು.

ಪ್ರಶ್ನೆ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ರಸ್ತೆಗಳ ಪಕ್ಕದಲ್ಲಿ ಮನೆಯೆತ್ತರದ ಬಾತುಕೋಳಿ, ಕುರಿ, ಬಾಳೆಹಣ್ಣು ಇತ್ಯಾದಿಗಳನ್ನು ನಿಲ್ಲಿಸಿರುವುದನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಇದು ಬರಿಯ ಹುಚ್ಚಾಟವೇ? ಇದಕ್ಕೂ ಆ ಊರುಗಳ ಚರಿತ್ರೆಗೂ ಏನಾದರೂ ಸಂಬಂಧವಿದೆಯೇ?

ಉತ್ತರ: ಹುಚ್ಚಾಟವೂ ಇದೆ, ಆದರೆ ಅದರ ಹಿಂದೆ ಕಟ್ಟುನಿಟ್ಟಾದ ಲೆಕ್ಕಾಚಾರವಿದೆ. ಕಾಲುನಡಿಗೆಯವನು ಅಂಗಡಿಯ ಮುಂದೆ ನಿಂತು ಫಲಕ ಓದಬಲ್ಲ. ಕಾರಿನಲ್ಲಿ ಹೋಗುವವನಿಗೆ ಸಿಗುವುದು ನಾಲ್ಕೈದು ಕ್ಷಣ. ಅಷ್ಟರಲ್ಲಿ ಅವನು ನೋಡಬೇಕು, ಬೆರಗಾಗಬೇಕು, ಹಿಂದಿನ ಸೀಟಿನ ಮಕ್ಕಳು ಹಟ ಹಿಡಿಯಬೇಕು, ಅವನ ಕಾಲು ಬ್ರೇಕಿನ ಮೇಲೆ ಹೋಗಬೇಕು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬಾತುಕೋಳಿ ಸಾಕುತ್ತಿದ್ದ ಮಾರ್ಟಿನ್ ಮೌರರ್ ಎಂಬ ರೈತ 1931ರಲ್ಲಿ ತನ್ನ ಅಂಗಡಿಯನ್ನೇ ಸಿಮೆಂಟಿನ ಬಾತುಕೋಳಿಯ ಆಕಾರದಲ್ಲಿ ಕಟ್ಟಿಸಿ, ಅದಕ್ಕೆ ಕಣ್ಣುಗಳಾಗಿ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೀಪಗಳನ್ನು ಕೂರಿಸಿದ. ಒಳಗೆ ಮಾರಾಟವಾಗುತ್ತಿದ್ದದ್ದು ಬಾತುಕೋಳಿಯೇ, ಅದರ ಮೊಟ್ಟೆಯೇ. ಲಾಂಗ್ ಐಲೆಂಡ್ ಒಂದು ಕಾಲದಲ್ಲಿ ಬಾತುಕೋಳಿ ಸಾಕಣೆಗೆ ಹೆಸರಾಗಿತ್ತು ಎಂಬುದನ್ನು ಇಂದು ಆ ದಾರಿಯಲ್ಲಿ ಹೋಗುವವರಿಗೆ ನೆನಪಿಸುವುದು ಆ ಸಿಮೆಂಟಿನ ಹಕ್ಕಿಯೇ.

ಕಾರಿಗಿಂತಲೂ ಹಳೆಯ ಉದಾಹರಣೆಯೊಂದಿದೆ. ನ್ಯೂಜೆರ್ಸಿಯ ಕಡಲ ತೀರದಲ್ಲಿ, ಈಗಿನ ಮಾರ್ಗೇಟ್ ಪಟ್ಟಣದಲ್ಲಿ, ಜೇಮ್ಸ್ ಲ್ಯಾಫರ್ಟಿ 1881ರಲ್ಲಿ ಮರ ಮತ್ತು ತಗಡಿನಿಂದ ಆರು ಅಂತಸ್ತಿನ ಎತ್ತರದ ಆನೆಯನ್ನು ಕಟ್ಟಿಸಿದ. ಅವನು ಮಾರಬೇಕಾಗಿದ್ದದ್ದು ನಿವೇಶನಗಳನ್ನು. ಆನೆಯ ಹೊಟ್ಟೆಯೊಳಗೆ ಗಿರಾಕಿಗಳನ್ನು ಹತ್ತಿಸಿ, ಬೆನ್ನ ಮೇಲಿನ ಅಂಬಾರಿಯಿಂದ ಸುತ್ತಲಿನ ಖಾಲಿ ಮರಳುಗಾಡನ್ನು ತೋರಿಸಿ ವ್ಯಾಪಾರ ಕುದುರಿಸುತ್ತಿದ್ದ. ನಿವೇಶನಗಳು ಮಾರಾಟವಾಗಿ ಊರು ಬೆಳೆದ ಮೇಲೆ ಆನೆ ಹಾಳುಬಿದ್ದಿತು. 1970ರಲ್ಲಿ ಅದನ್ನು ಕೆಡವಬೇಕೆಂದಾದಾಗ ಊರಿನವರೇ ಹಣ ಕೂಡಿಸಿ ಅನತಿ ದೂರಕ್ಕೆ ಸಾಗಿಸಿ ಉಳಿಸಿಕೊಂಡರು, 1976ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವಾಯಿತು. ಆ ಊರು ನಿವೇಶನ ದಲ್ಲಾಳಿಯೊಬ್ಬನ ಕನಸಿನಿಂದ ಹುಟ್ಟಿದ್ದು ಎಂಬುದನ್ನು ಹೇಳಲು ಆನೆಗಿಂತ ನಿಷ್ಠುರವಾದ ದಾಖಲೆ ಬೇಕೇ?

ಇವುಗಳನ್ನು ಓದುವ ಒಂದು ಸುಲಭ ವಿಧಾನವೆಂದರೆ ಅದು ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡುವುದು. ಕೆನಡಾದ ವಾವಾ ಎಂಬ ಊರಿನ ಹೆಬ್ಬಾತು 1960ರಲ್ಲಿ ಎದ್ದದ್ದು, ದೇಶವನ್ನು ಅಡ್ಡಹಾಯುವ ಹೆದ್ದಾರಿ ಊರನ್ನು ಹೊಕ್ಕದೆ ಪಕ್ಕದಲ್ಲೇ ಹಾದುಹೋದಾಗ ಪ್ರಯಾಣಿಕರನ್ನು ಒಳಗೆ ಕರೆಯುವುದಕ್ಕಾಗಿ. ಆಸ್ಟ್ರೇಲಿಯಾದ ಗೌಲ್ಬರ್ನ್ ಉಣ್ಣೆಯ ಸೀಮೆ; ಅಲ್ಲಿ 1985ರಲ್ಲಿ ಹದಿನೈದು ಮೀಟರ್ ಎತ್ತರದ ಮೆರಿನೊ ಟಗರನ್ನು ನಿಲ್ಲಿಸಿದರು. 1992ರಲ್ಲಿ ಬೈಪಾಸ್ ರಸ್ತೆ ಆಗಿ ವಾಹನಗಳು ಊರನ್ನು ತಪ್ಪಿಸಿಕೊಂಡು ಹೋಗತೊಡಗಿದವು. ಕೊನೆಗೆ 2007ರಲ್ಲಿ ಆ ಟಗರನ್ನೇ ಎತ್ತಿಕೊಂಡು ಹೋಗಿ ಹೊಸ ರಸ್ತೆಯ ತಿರುವಿನ ಬಳಿ ಕೂರಿಸಿದರು. ಊರಿನ ಜೀವನಾಡಿ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಟಗರಿನ ಆ ಒಂದು ಪ್ರಯಾಣವೇ ಹೇಳುತ್ತದೆ.

ಅಮೆರಿಕದಲ್ಲಿ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದು ಫೈಬರ್‌ಗ್ಲಾಸಿನ ದೈತ್ಯ ಮನುಷ್ಯರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ದೇಶದ ತುಂಬ ಮಾರಿತು. ಮೂಲ ಬೊಂಬೆ ಕೊಡಲಿ ಹಿಡಿದ ಮರಕಡಿಯುವವನದು. ಹೀಗಾಗಿ ಒಂದು ಅಂಗೈ ಮೇಲ್ಮುಖವಾಗಿಯೂ ಇನ್ನೊಂದು ಕೆಳಮುಖವಾಗಿಯೂ ಇರುತ್ತದೆ. ಮುಂದೆ ಅದೇ ಕೈಗಳಿಗೆ ವಾಹನದ ಸೈಲೆನ್ಸರ್, ಟೈರು, ಸಾಸೇಜು ಏನೇನನ್ನೋ ಹಿಡಿಸಿದರು. ದೈತ್ಯನೊಬ್ಬ ತನ್ನ ಕೈಯಲ್ಲಿರುವುದನ್ನು ವಿಚಿತ್ರವಾಗಿ, ಹಿಡಿಯಬಾರದ ರೀತಿಯಲ್ಲಿ ಹಿಡಿದಿದ್ದಾನೆ ಎನ್ನಿಸಿದರೆ ಅವನ ಕೈಯಲ್ಲಿ ಹಿಂದೆ ಬೇರೇನೋ ಇತ್ತು, ಅಂದರೆ ಅಲ್ಲಿ ಹಿಂದೆ ಬೇರೇನೋ ವ್ಯಾಪಾರ ನಡೆದಿತ್ತು ಎಂದು ಊಹಿಸಲು ಆಸ್ಪದವಿದೆ.

ಪ್ರಶ್ನೆ: ಹಾಗಾದರೆ ಇವೆಲ್ಲ ಕಣ್ಮರೆಯಾದದ್ದು ಏಕೆ?

ಉತ್ತರ: ರಸ್ತೆಯೇ ಬದಲಾಯಿತು. ಷಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವರೆಗಿನ, ಸುಮಾರು 3,900 ಕಿಲೋಮೀಟರ್ ಉದ್ದದ 66ನೆಯ ಹೆದ್ದಾರಿ 1926ರಲ್ಲಿ ಹುಟ್ಟಿದಾಗ ಊರೂರಿನ ಮುಖ್ಯಬೀದಿಗಳನ್ನೇ ಹೊಲಿದುಕೊಂಡು ಸಾಗಿತ್ತು. 1956ರ ಕಾಯಿದೆಯಿಂದ ಆರಂಭವಾದ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಯೋಜನೆ ಊರುಗಳನ್ನು ಬಿಟ್ಟು ನೇರವಾಗಿ ಓಡಿತು, ನಿಗದಿತ ತಿರುವುಗಳಲ್ಲಲ್ಲದೆ ಎಲ್ಲೆಂದರಲ್ಲಿ ಇಳಿಯುವಂತೆಯೂ ಇರಲಿಲ್ಲ. 1965ರ ಹೆದ್ದಾರಿ ಸೌಂದರ್ಯ ಕಾಯಿದೆ ಜಾಹೀರಾತು ಫಲಕಗಳಿಗೆ ಕಡಿವಾಣ ಹಾಕಿತು. 1985ರಲ್ಲಿ 66ನೆಯ ಹೆದ್ದಾರಿಯನ್ನು ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಫ್ಲಾರಿಡಾದ ಮಟ್ಟಿಗೆ 1971ರ ಅಕ್ಟೋಬರ್ 1ನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂದು ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ದಾರಿಯುದ್ದಕ್ಕೂ ಅಲ್ಲಲ್ಲಿ ಇಳಿಯುತ್ತಿದ್ದ ಪ್ರವಾಸಿಗರನ್ನು ಒಂದೇ ಕಡೆಗೆ ಸೆಳೆದುಕೊಂಡಿತು.

ಪ್ರಶ್ನೆ: ಮೇಲಿನ ಮಾತುಗಳನ್ನೆಲ್ಲ ಒಪ್ಪಿದರೂ ನನಗೊಂದು ಆಕ್ಷೇಪವಿದೆ. ನಾನು ನೋಡಿದ ಹಳೆಯ ಅಮೆರಿಕನ್ ಪ್ರವಾಸಿ ಚಿತ್ರಗಳಲ್ಲೆಲ್ಲ ನಗುಮುಖದ ಬಿಳಿಯ ಕುಟುಂಬಗಳೇ ಇವೆ. ಅಂದಿನ ಜನಾಂಗ ಭೇದದ ಸುಳಿವೂ ಅಲ್ಲಿಲ್ಲ. ಇಂಥ ಸರಕನ್ನು ಚರಿತ್ರೆಯ ಆಕರವೆಂದು ಕರೆಯುವುದು ಗತಕಾಲಕ್ಕೆ ಸುಣ್ಣ ಬಳಿದಂತಾಗುವುದಿಲ್ಲವೇ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಚಿತ್ರಗಳನ್ನು ಮಾತ್ರ ನೋಡಿ ಸುಮ್ಮನಾದರೆ ನಿಮ್ಮ ಆಕ್ಷೇಪ ಪೂರ್ತಿ ಸರಿ. ಆದರೆ ಚಿತ್ರದಲ್ಲಿ ಯಾರಿಲ್ಲ ಎಂದು ಕೇಳುವುದನ್ನು ಕಲಿತ ಕೂಡಲೇ ಇದೇ ಸರಕು ಸುಣ್ಣದ ಕೆಳಗಿನ ಗೋಡೆಯನ್ನು ತೋರಿಸತೊಡಗುತ್ತದೆ.

ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಅನ್ನೇ ತೆಗೆದುಕೊಳ್ಳಿ. ನೆಲದಡಿಯಿಂದ ಉಕ್ಕುವ ತಿಳಿನೀರಿನ ಬುಗ್ಗೆಗಳ ಮೇಲೆ ಗಾಜಿನ ತಳದ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ರೂಢಿ ಅಲ್ಲಿ 1870ರ ದಶಕದ ಕೊನೆಯಲ್ಲಿ ಹುಟ್ಟಿತು. ಆ ದೋಣಿಗಳ ಕಾರ್ಡುಗಳು ಲೆಕ್ಕವಿಲ್ಲದಷ್ಟಿವೆ. ದೋಣಿಯಲ್ಲಿ ಕುಳಿತವರು ಬಿಳಿಯರು. ದೋಣಿ ನಡೆಸುವವರಲ್ಲಿ ಅನೇಕರು ಕಪ್ಪುಜನ. ತಾವು ಪ್ರತಿದಿನ ದೋಣಿ ನಡೆಸುವ ಜಾಗಕ್ಕೆ ತಮ್ಮ ಮಡದಿ ಮಕ್ಕಳನ್ನು ಪ್ರವಾಸಿಗರಾಗಿ ಕರೆತರುವ ಹಕ್ಕು ಅವರಿಗಿರಲಿಲ್ಲ. 1949ರಲ್ಲಿ ಸಿಲ್ವರ್ ಸ್ಪ್ರಿಂಗ್ಸ್‌ನ ಮಾಲೀಕರೇ ಅದೇ ನದಿಯ ಕೆಳಹರಿವಿನಲ್ಲಿ, ಸುಮಾರು ಒಂದು ಮೈಲಿ ದೂರದಲ್ಲಿ, ಕಪ್ಪುಜನರಿಗೆಂದು ಪ್ಯಾರಡೈಸ್ ಪಾರ್ಕ್ ಎಂಬ ಪ್ರತ್ಯೇಕ ಉದ್ಯಾನವನ್ನು ತೆರೆದರು. ಅಲ್ಲಿಯೂ ಗಾಜಿನ ತಳದ ದೋಣಿಗಳಿದ್ದವು, ಈಜುವ ದಂಡೆಯಿತ್ತು. ಎಡ್ಡಿ ವೆರೀನ್ ಎಂಬ ಕಪ್ಪು ವ್ಯಕ್ತಿ ಅದರ ಮೇಲ್ವಿಚಾರಕರಾಗಿದ್ದರು. 1969ರಲ್ಲಿ ಅದನ್ನು ಮುಚ್ಚಲಾಯಿತು. ಸಿಲ್ವರ್ ಸ್ಪ್ರಿಂಗ್ಸ್‌ನ ನೀರೊಳಗಿನ ಛಾಯಾಚಿತ್ರಗಳಿಂದ ಹೆಸರಾದ ಬ್ರೂಸ್ ಮೊಜರ್ಟ್ ಪ್ಯಾರಡೈಸ್ ಪಾರ್ಕಿನ ಚಿತ್ರಗಳನ್ನೂ ತೆಗೆದಿದ್ದರು. ಎರಡೂ ಉದ್ಯಾನಗಳ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ: ಅದೇ ನದಿ, ಅದೇ ದೋಣಿ, ಅದೇ ಬಗೆಯ ನಗು. ನಡುವಿನ ಆ ಒಂದು ಮೈಲಿಯೇ ಅಲ್ಲಿನ ಚರಿತ್ರೆ. ಯಾವ ಕಾಯಿದೆಯ ಪುಸ್ತಕವೂ ಇದನ್ನು ಇಷ್ಟು ತಟ್ಟುವಂತೆ ಹೇಳಲಾರದು.

ಸ್ಮರಣಿಕೆಗಳ ಸಾಲಿಗೆ ಸುಲಭವಾಗಿ ಸೇರದ, ಆದರೆ ಸೇರಲೇಬೇಕಾದ ಇನ್ನೊಂದು ವಸ್ತುವಿದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅಂಚೆಪೇದೆ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಹೊರತಂದ ಪ್ರಯಾಣ ಕೈಪಿಡಿ ‘ಗ್ರೀನ್ ಬುಕ್’ ಎಂದೇ ಪ್ರಸಿದ್ಧವಾಯಿತು. ಕಪ್ಪು ಪ್ರಯಾಣಿಕರು ಯಾವ ಊರಿನಲ್ಲಿ ಅವಮಾನವಿಲ್ಲದೆ ತಂಗಬಹುದು, ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಬಹುದು ಎಂಬುದರ ಪಟ್ಟಿ ಅದು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಅದರ ಅನೇಕ ಸಂಚಿಕೆಗಳನ್ನು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ರೂಪದಲ್ಲಿ ಇಟ್ಟಿದೆ. ಒಂದು ಪ್ರದೇಶದ ಪೋಸ್ಟ್‌ಕಾರ್ಡುಗಳನ್ನು ಕೂಡಿಸುವವರು ಅದೇ ಪ್ರದೇಶದ ಪುಟವನ್ನು ಗ್ರೀನ್ ಬುಕ್ಕಿನಲ್ಲಿ ತೆರೆದು ಹೋಲಿಸಿ ನೋಡಲಿ. ನಲವತ್ತು ಮೋಟೆಲುಗಳ ಕಾರ್ಡು ಸಿಗುವ ಊರಿಗೆ ಆ ಪಟ್ಟಿಯಲ್ಲಿ ಒಂದೇ ವಿಳಾಸವಿದ್ದರೆ, ಅದೂ ಹೋಟೆಲಿನದಾಗಿರದೆ ಯಾರದೋ ಮನೆಯ ಕೋಣೆಯದಾಗಿದ್ದರೆ, ಆ ಊರಿನ ವಿಷಯ ಗೊತ್ತಾದಂತೆಯೇ.

ಮೂಲನಿವಾಸಿಗಳ ವಿಷಯದಲ್ಲಿ ವಿಕಾರ ಬೇರೆ ಬಗೆಯದು. ಅಲ್ಲಿ ಜನರನ್ನು ಚಿತ್ರದಿಂದ ಅಳಿಸಲಿಲ್ಲ, ಬೇರೆ ಯಾರದೋ ವೇಷ ತೊಡಿಸಿದರು. ಫ್ರಾಂಕ್ ರೆಡ್‌ಫರ್ಡ್ ಎಂಬಾತ 1930ರ ದಶಕದಲ್ಲಿ ಕೆಂಟಕಿಯಲ್ಲಿ ಆರಂಭಿಸಿದ ‘ವಿಗ್ವಾಮ್ ವಿಲೇಜ್’ ಮೋಟೆಲುಗಳಲ್ಲಿ ಒಂದೊಂದು ಕೋಣೆಯೂ ಸಿಮೆಂಟಿನ ಶಂಕುವಿನಾಕಾರದ ಗುಡಾರ. ಆದರೆ ವಿಗ್ವಾಮ್ ಎನ್ನುವುದು ಗುಮ್ಮಟದಂತೆ ದುಂಡಗಿರುವ ಗುಡಿಸಲು. ಈ ಶಂಕುವಿನಾಕಾರದ್ದು ಟೀಪಿ, ನಡುನಾಡಿನ ಬಯಲುಗಳ ಜನಾಂಗಗಳದು. ಕೆಂಟಕಿಗೂ, 1950ರಲ್ಲಿ ಇದೇ ಸರಣಿಯ ಮೋಟೆಲು ಎದ್ದ ಅರಿಜೋನಾದ ಹೋಲ್‌ಬ್ರೂಕಿಗೂ ಅದು ಪರಕೀಯವೇ. ಹಾಗೆಂದು ಈ ಮೋಟೆಲುಗಳನ್ನು ಕೆಡವಬೇಕೆಂದು ನಾನು ಹೇಳುವುದಿಲ್ಲ. ಉಳಿದಿರುವ ಮೂರನ್ನು ಕಾಪಾಡಬೇಕು. ಆ ನಾಡಿನ ಮೂಲನಿವಾಸಿಗಳ ಬಗ್ಗೆ ಅವುಗಳಿಂದ ಏನೂ ತಿಳಿಯದಿದ್ದರೂ, ಅವರನ್ನು ಪ್ರವಾಸಿಗರು ಹೇಗೆ ಊಹಿಸಿಕೊಂಡಿದ್ದರು ಎಂಬುದು ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: ಹಳೆಯ ಎನಾಮೆಲ್ ಜಾಹೀರಾತು ಫಲಕಗಳು, ಪಿಂಗಾಣಿ ಬೊಂಬೆಗಳು, ರಟ್ಟಿನ ಬೆಂಕಿಪೊಟ್ಟಣಗಳು ಈಗ ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ಅಸಲಿ, ನಕಲಿ ಎಂದು ತಿಳಿಯುವುದು ಹೇಗೆ?

ಉತ್ತರ: ಎನಾಮೆಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿನ ಮೇಲೆ ಹರಡಿ ಕುಲುಮೆಯಲ್ಲಿ ಸುಟ್ಟು ಕರಗಿಸಿ ಅಂಟಿಸುತ್ತಿದ್ದರು. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಸುಡುವಿಕೆ. ಆದ್ದರಿಂದ ಅಸಲಿ ಫಲಕದ ಅಕ್ಷರಗಳ ಅಂಚಿನಲ್ಲಿ ಬೆರಳಾಡಿಸಿದರೆ ಸಣ್ಣ ದಿಣ್ಣೆ ಸಿಗುತ್ತದೆ, ಪೆಟ್ಟು ಬಿದ್ದ ಕಡೆ ಗಾಜಿನಂತೆ ಚಕ್ಕೆ ಎದ್ದಿರುತ್ತದೆ, ತುಕ್ಕು ಆ ಚಕ್ಕೆಯ ಸುತ್ತ ಮತ್ತು ಮೊಳೆಯ ತೂತುಗಳ ಬಳಿ ಇರುತ್ತದೆ. ತುಕ್ಕು ಎಲ್ಲ ಕಡೆಯೂ ಒಂದೇ ಸಮ ಹಬ್ಬಿದ್ದು ಮೊಳೆಯ ತೂತು ಮಾತ್ರ ಹೊಚ್ಚಹೊಸದಾಗಿದ್ದರೆ ಅನುಮಾನಿಸಿ. ಮಾರುವವರು ಕಳುಹಿಸುವ ಫೋಟೋಗಳಲ್ಲಿ ಹಿಂಬದಿಯದು ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಪಿಂಗಾಣಿಯ ಬೊಂಬೆ, ಬೂದಿತಟ್ಟೆ ಮುಂತಾದವುಗಳ ತಳವನ್ನು ನೋಡಿ. ಅಮೆರಿಕಕ್ಕೆ ಬರುವ ವಿದೇಶಿ ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕೆಂಬ ನಿಯಮ 1891ರಿಂದ ನಡೆದುಬಂದಿದೆ. ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಮುದ್ರೆ ಇದ್ದರೆ ಅದು ಎರಡನೆಯ ಮಹಾಯುದ್ಧದ ನಂತರ, 1952ಕ್ಕೆ ಮೊದಲು ಬಂದದ್ದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ಫ್ಲಾರಿಡಾದ ಹೆಸರು ಹೊತ್ತ ಮೊಸಳೆಯ ಬೊಂಬೆಯ ಹೊಟ್ಟೆಯ ಕೆಳಗೆ ಜಪಾನಿನ ಹೆಸರು ಕಂಡರೆ ನಿರಾಶರಾಗಬೇಡಿ, ಪ್ರವಾಸೋದ್ಯಮದ ಚರಿತ್ರೆಯಲ್ಲಿ ಅದೂ ಒಂದು ಪುಟ. ಹೋಟೆಲುಗಳು ಪುಕ್ಕಟೆ ಹಂಚುತ್ತಿದ್ದ ರಟ್ಟಿನ ಬೆಂಕಿಪೊಟ್ಟಣಗಳಲ್ಲಿ ಕಡ್ಡಿ ಗೀರುವ ಪಟ್ಟಿ ಮುಂಬದಿಯಲ್ಲಿದ್ದರೆ ಅವು ಸಾಮಾನ್ಯವಾಗಿ 1970ರ ದಶಕಕ್ಕಿಂತ ಹಿಂದಿನವು. ಬಳಿಕ ಸುರಕ್ಷತೆಗಾಗಿ ಅದನ್ನು ಹಿಂಬದಿಗೆ ಸರಿಸಲಾಯಿತು.

ಪ್ರಶ್ನೆ: ಮುಂದಿನ ವರ್ಷ ಮಗಳ ಮನೆಗೆಂದು ಫ್ಲಾರಿಡಾಕ್ಕೆ ಹೋಗುವ ಯೋಜನೆಯಿದೆ. ಹಳೆಯ ಕಾರ್ಡುಗಳಲ್ಲಿ ಕಾಣುವ ಸ್ಥಳಗಳನ್ನು ಹುಡುಕಿಕೊಂಡು ಹೋಗಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ? ಏನಾದರೂ ಉಳಿದಿದೆಯೇ?

ಉತ್ತರ: ಮನೆಯಲ್ಲಿಯೇ ಆರಂಭಿಸಿ. ಫ್ಲಾರಿಡಾ ರಾಜ್ಯ ಪತ್ರಾಗಾರದ ‘ಫ್ಲಾರಿಡಾ ಮೆಮೊರಿ’ ಎಂಬ ಡಿಜಿಟಲ್ ಸಂಗ್ರಹದಲ್ಲಿ ಹಳೆಯ ಛಾಯಾಚಿತ್ರಗಳನ್ನೂ ಕಾರ್ಡುಗಳನ್ನೂ ಊರಿನ ಹೆಸರಿನಿಂದ ಹುಡುಕಬಹುದು. ಜಾನ್ ಮಾರ್ಗೋಲೀಸ್ ಎಂಬ ಛಾಯಾಗ್ರಾಹಕರು ದಶಕಗಳ ಕಾಲ ದೇಶ ಸುತ್ತಿ ತೆಗೆದ ದಾರಿಬದಿ ಕಟ್ಟಡಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಬಣ್ಣದ ಸ್ಲೈಡುಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಅಲ್ಲಿಯೇ ಇರುವ ಸ್ಯಾನ್‌ಬೋರ್ನ್ ಬೆಂಕಿ ವಿಮೆ ನಕ್ಷೆಗಳು ಪಟ್ಟಣಗಳ ಒಂದೊಂದು ಕಟ್ಟಡವನ್ನೂ ಅದು ಮರದ್ದೋ ಇಟ್ಟಿಗೆಯದೋ ಎಂಬುದರ ಸಮೇತ ತೋರಿಸುತ್ತವೆ. ಪೆಟ್ರೋಲ್ ಬಂಕುಗಳು 1970ರ ದಶಕದವರೆಗೂ ಪುಕ್ಕಟೆಯಾಗಿ ಕೊಡುತ್ತಿದ್ದ ರಸ್ತೆನಕ್ಷೆಯೊಂದು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಇಂದಿನ ಫೋನಿನ ನಕ್ಷೆ ನಿಮ್ಮನ್ನು ಹೊಸ ಹೆದ್ದಾರಿಗೇ ಎಳೆದೊಯ್ಯುತ್ತದೆ, ನಿಮಗೆ ಬೇಕಾದದ್ದು ಅದರ ಪಕ್ಕದಲ್ಲಿ ಮಲಗಿರುವ ಹಳೆಯ ರಸ್ತೆ. ಹೆಸರಿನಲ್ಲಿ ‘ಓಲ್ಡ್’ ಎಂಬ ಪದವಿರುವ ರಸ್ತೆ ಕಂಡರೆ ಅದನ್ನು ಬಿಡಬೇಡಿ. ಖಾಲಿ ನಿವೇಶನದ ಮುಂದೆ ಸಾಲಾಗಿ ನೆಟ್ಟ ತಾಳೆಮರಗಳು, ಎಲ್ಲಿಗೂ ಹೋಗದ ಅರ್ಧಚಂದ್ರದ ಕಾರುದಾರಿ, ಹುಲ್ಲಿನ ನಡುವೆ ಮುಚ್ಚಿಹೋದ ಈಜುಕೊಳದ ಅಂಚು ಇವೆಲ್ಲ ಮೋಟೆಲಿದ್ದ ಗುರುತುಗಳು. ಬೇಲಿಯೊಳಗೆ ಹೋಗುವುದಾದರೆ ಮಾತ್ರ ಅನುಮತಿ ಕೇಳಿ.

ಉಳಿದಿರುವುದೂ ಇದೆ. ವೀಕಿ ವಾಚಿ ಬುಗ್ಗೆಯಲ್ಲಿ ನ್ಯೂಟನ್ ಪೆರಿ 1947ರಲ್ಲಿ ಆರಂಭಿಸಿದ ಮತ್ಸ್ಯಕನ್ಯೆಯರ ಪ್ರದರ್ಶನ ಇಂದಿಗೂ ನಡೆಯುತ್ತಿದೆ. ಬುಗ್ಗೆಯಲ್ಲಿ ಜನ ಎಸೆದಿದ್ದ ಹಳೆಯ ಫ್ರಿಜ್ಜು, ಕಾರುಗಳನ್ನು ಎತ್ತಿಸಿ, ನೀರಿನ ಮಟ್ಟದ ಕೆಳಗೆ ಹದಿನೆಂಟು ಜನ ಕೂರುವಷ್ಟರ ಚಿಕ್ಕ ರಂಗಮಂದಿರವನ್ನು ಕಟ್ಟಿ, ರಬ್ಬರ್ ಕೊಳವೆಯಿಂದ ಉಸಿರೆಳೆದುಕೊಂಡು ನೀರೊಳಗೆ ನರ್ತಿಸುವುದನ್ನು ಅವರು ಯುವತಿಯರಿಗೆ ಕಲಿಸಿದ್ದರು. ಕಾರಿನ ಸದ್ದು ಕೇಳಿದೊಡನೆ ಆ ಯುವತಿಯರು ರಸ್ತೆಗೆ ಓಡಿಬಂದು ಕೈಬೀಸಿ ಪ್ರಯಾಣಿಕರನ್ನು ಕರೆಯುತ್ತಿದ್ದರು ಎಂಬ ಮಾತಿದೆ. 2008ರಿಂದ ಆ ಜಾಗ ರಾಜ್ಯದ ಉದ್ಯಾನ.

ಇನ್ನೊಂದು, ಸೈಪ್ರೆಸ್ ಗಾರ್ಡನ್ಸ್. ಡಿಕ್ ಪೋಪ್ 1936ರಲ್ಲಿ ತೆರೆದ, ಜಲಸ್ಕೀ ಆಟಕ್ಕೂ ಅಗಲ ಲಂಗದ ಸುಂದರಿಯರಿಗೂ ಹೆಸರಾದ ಈ ತೋಟದ ಕಾರ್ಡುಗಳು ಹೇರಳವಾಗಿ ಸಿಗುತ್ತವೆ. ನಿಮ್ಮ ಕೈಯಲ್ಲಿರುವವುಗಳಲ್ಲಿಯೂ ಇದ್ದೀತು. 2009ರಲ್ಲಿ ತೋಟ ಮುಚ್ಚಿ, 2011ರಲ್ಲಿ ಆ ಜಾಗದಲ್ಲಿ ಲೆಗೊಲ್ಯಾಂಡ್ ಎಂಬ ಮನರಂಜನಾ ಉದ್ಯಾನ ಬಂದಿತು. ಆದರೆ ಸಸ್ಯೋದ್ಯಾನದ ಭಾಗವನ್ನು ಉಳಿಸಿಕೊಂಡಿದ್ದಾರೆ, ಅದರೊಳಗೆ 1939ರಲ್ಲಿ ಸಸಿಯಾಗಿ ನೆಟ್ಟ ಆಲದ ಮರವೊಂದು ಇಂದು ಹೆಮ್ಮರವಾಗಿ ನಿಂತಿದೆ. ತೋಟದ ಹಳೆಯ ಕಾರ್ಡೊಂದರಲ್ಲಿ ಆ ಆಲ ಕಂಡರೆ ಕಾರ್ಡನ್ನು ಜೊತೆಗೆ ಒಯ್ದು ಮರದ ಮುಂದೆ ಹಿಡಿದು ನೋಡಿ. ಚಿತ್ರದಲ್ಲಿ ನೆಲ ಮುಟ್ಟಿದ ಬಿಳಲುಗಳು ಎಷ್ಟು, ಈಗ ಎಷ್ಟು ಎಂದು ಎಣಿಸಿಕೊಂಡು ಬಂದರೆ ಇಸವಿಯಿಲ್ಲದ ಆ ಕಾರ್ಡು ಯಾವ ದಶಕದ್ದೆಂಬುದನ್ನು ಅಂದಾಜು ಮಾಡಲು ಮರವೇ ನೆರವಾದೀತು.